ಹತ್ಯಾರು ಸುಧಾರಿಸಿತು, ಲೆಕ್ಕದ ಪುಸ್ತಕ ಸುಧಾರಿಸಲಿಲ್ಲ



ಕಳೆದ ತಿಂಗಳು ನಮ್ಮ ಸಂಘದ ಕೋಣೆಗೆ ಬಣ್ಣ ಹೊಡೆದೆವು. ಕೂಲಿ ಕೊಟ್ಟು ಮಾಡಿಸುವಷ್ಟು ಹಣ ಸಂಘದ ಪೆಟ್ಟಿಗೆಯಲ್ಲಿ ಇಲ್ಲದ್ದರಿಂದ ಪಾಳಿ ಮುಗಿಸಿ ಬಂದ ನಾಲ್ವರು ಹುಡುಗರೇ ಬ್ರಷ್ ಹಿಡಿದರು. ಬಣ್ಣ ತೆಳು ಮಾಡಲು ಟರ್ಪೆಂಟೈನ್ ಡಬ್ಬ ತಂದಾಗ ಅವರಲ್ಲಿ ಕಿರಿಯವನು, "ಅಣ್ಣಾ, ಇದನ್ನು ಯಾವುದರಿಂದ ತೆಗೆಯುತ್ತಾರೆ?" ಎಂದು ಕೇಳಿದ. ನಾನು ಬಲ್ಲವನ ಹಾಗೆ "ಪೆಟ್ರೋಲಿನಿಂದ" ಎಂದುಬಿಟ್ಟೆ. ಆಮೇಲೆ ಓದಿ ನೋಡಿದರೆ ನನ್ನ ಉತ್ತರ ಅರ್ಧ ಸರಿ, ಅರ್ಧ ತಪ್ಪು. ಈಗ ನಮ್ಮ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಪೆಟ್ರೋಲಿಯಂ ಎಣ್ಣೆಯಿಂದ ಬಂದದ್ದೇ. ಆದರೆ ಆ ಹೆಸರು ಹುಟ್ಟಿದ್ದು ಮರದ ಸೊನೆಯಿಂದ. ಪೈನ್ ಮರಕ್ಕೆ ಗಾಯ ಮಾಡಿ, ಒಸರಿದ ಸೊನೆಯನ್ನು ಬಟ್ಟಿ ಇಳಿಸಿದರೆ ಮೇಲೆ ಬರುವುದು ಟರ್ಪೆಂಟೈನ್, ಕೆಳಗೆ ಉಳಿಯುವುದು ರಾಳ. ಹಿಮಾಲಯದ ತಪ್ಪಲಿನಲ್ಲಿ ಚೀಡ್ ಮರದಿಂದ ಇಂದಿಗೂ ಹೀಗೆಯೇ ತೆಗೆಯುತ್ತಾರೆ.

ಹುಡುಗನಿಗೆ ತಪ್ಪು ಹೇಳಿದ ಪ್ರಾಯಶ್ಚಿತ್ತಕ್ಕೆಂದು ಓದತೊಡಗಿದವನು ಅಮೆರಿಕದ ಒಂದು ಸಣ್ಣ ಹತ್ಯಾರು ಕಾರಖಾನೆಯ ಚರಿತ್ರೆಯವರೆಗೆ ಹೋದೆ. ಅದನ್ನು ನಿಮ್ಮ ಮುಂದೆ ಇಡತಕ್ಕ ಕಾರಣವುಂಟು. ನಮ್ಮ ಹೊಟೇಲುಗಳ ಒಂದು ಹಳೆಯ ರೋಗ ನನಗೆ ಅಲ್ಲಿ ಕಂಡಿತು.

ಅಮೆರಿಕದ ನಾರ್ತ್ ಕರೋಲಿನಾ ರಾಜ್ಯದಲ್ಲಿ ಲೇಕ್ ವಾಕಮಾ ಎಂಬ ಸರೋವರದ ದಂಡೆಯ ಊರಿದೆ. ಹಿಂದೆ ಅಲ್ಲಿಯ ಒಂದು ಭಾಗಕ್ಕೆ ವನಾನಿಶ್ ಎಂಬ ಹೆಸರಿತ್ತು. 1886ರಲ್ಲಿ ಜಾನ್ ಪಿಕೆಟ್ ಕೌನ್ಸಿಲ್ ಎಂಬಾತನು ಅಲ್ಲಿ ಹತ್ಯಾರು ಮಾಡುವ ಕೆಲಸ ಆರಂಭಿಸಿದನು. ಅದೇ ಕೌನ್ಸಿಲ್ ಟೂಲ್ ಕಂಪೆನಿ. 1886 ಎಂದರೆ ನಮಗೆ ಬೇರೊಂದು ನೆನಪು ಬರಬೇಕು: ಎಂಟು ಗಂಟೆಯ ದುಡಿಮೆಗಾಗಿ ಶಿಕಾಗೋದ ಕಾರ್ಮಿಕರು ಮೇ 1ರಂದು ಹೊರಬಿದ್ದ ವರ್ಷವದು. ಉತ್ತರದ ಪೇಟೆಯಲ್ಲಿ ಆ ಕೂಗು ಎದ್ದಿದ್ದಾಗ ದಕ್ಷಿಣದ ಕಾಡಿನಲ್ಲಿ ಗಂಟೆಯ ಲೆಕ್ಕ ಕೇಳುವವರೇ ಇರಲಿಲ್ಲ.

ಈ ಕೌನ್ಸಿಲ್ ಮೊದಲು ಕಮ್ಮಾರನಲ್ಲ, ಟರ್ಪೆಂಟೈನ್ ವ್ಯವಹಾರದವನೇ. ಕೊಂಡು ತಂದ ಹತ್ಯಾರು ಕಾಡಿನ ಕೆಲಸಕ್ಕೆ ಒದಗುವುದಿಲ್ಲ, ಇದಕ್ಕಿಂತ ಒಳ್ಳೆಯದನ್ನು ತಾನೇ ಮಾಡಿಸಬಹುದು ಎಂದು ಆತನಿಗೆ ತೋರಿತು. ಈ ಮಾತು ನನಗೆ ಬಹಳ ಹಿಡಿಸಿತು. ಕೆಲಸ ನೋಡದವನು ಮಾಡಿದ ಹತ್ಯಾರಿಗೂ ಕೆಲಸ ನೋಡಿದವನು ಮಾಡಿಸಿದ ಹತ್ಯಾರಿಗೂ ಇರುವ ಅಂತರವನ್ನು ನಮ್ಮ ದೋಸೆ ಭಟ್ಟರನ್ನು ಕೇಳಿದರೆ ಹೇಳಿಯಾರು.

ಆ ಕೆಲಸ ಎಂಥದು ಎಂದು ತಿಳಿಯದೆ ಹತ್ಯಾರಿನ ಬೆಲೆ ತಿಳಿಯದು. ಸುಳ್ಯ, ಪುತ್ತೂರು ಕಡೆಯಿಂದ ಬಂದವರು ರಬ್ಬರ್ ಮರದ ಗೀರು ನೋಡಿದ್ದೀರಿ. ಉಡುಪಿ, ಮಂಗಳೂರಿನವರು ಮೂರ್ತೆಯವರ ಕತ್ತಿ ನೋಡಿದ್ದೀರಿ. ಇದೂ ಅದೇ ಜಾತಿಯ ಕೆಲಸ, ಆದರೆ ಒರಟು. ಚಳಿಗಾಲದಲ್ಲಿ ಮರದ ಬುಡದಲ್ಲಿ ಉದ್ದ ಅಲಗಿನ ಕೊಡಲಿಯಿಂದ ಒಂದು ಗುಳಿ ಕಡಿಯಬೇಕು. ಅದಕ್ಕೆ ಅವರು ಬಾಕ್ಸ್ ಎನ್ನುತ್ತಿದ್ದರು. ಸುಮಾರು ಒಂದು ಲೀಟರು ಸೊನೆ ಹಿಡಿಯುವ ಗುಳಿ. ವಸಂತ ಬಂದ ಮೇಲೆ ವಾರಕ್ಕೊಂದು ಸಲ ಆ ಗುಳಿಯ ಮೇಲ್ಗಡೆ ತೊಗಟೆಯನ್ನು ಓರೆಯಾಗಿ ಕೆತ್ತಿ ಹೊಸ ಗಾಯ ಮಾಡಬೇಕು. ಇದಕ್ಕೆ ಬೇಕಾದದ್ದು ಹ್ಯಾಕ್ ಎಂಬ ಹತ್ಯಾರು: ಬಾಗಿದ ಹರಿತ ಅಲಗು, ಗಿಡ್ಡ ಹಿಡಿ, ಹಿಡಿಯ ಇನ್ನೊಂದು ತುದಿಗೆ ಕಬ್ಬಿಣದ ಗುಂಡು. ಗುಂಡು ಯಾಕೆಂದರೆ ಬೀಸಿದಾಗ ಆ ಭಾರವೇ ಅಲಗನ್ನು ಎಳೆದುಕೊಂಡು ಹೋಗಬೇಕು. ಇಲ್ಲವಾದರೆ ರಟ್ಟೆ ಸೋಲುತ್ತದೆ. ವರ್ಷ ವರ್ಷಕ್ಕೆ ಗಾಯ ಮೇಲೇರಿ ಆಳಿನ ತಲೆಗಿಂತ ಎತ್ತರಕ್ಕೆ ಹೋದಾಗ ಉದ್ದ ಕೋಲಿನ ಪುಲ್ಲರ್ ಬೇಕು. ಅದನ್ನು ಮೇಲಕ್ಕೆ ಚಾಚಿ ಕೆಳಕ್ಕೆ ಎಳೆಯುವುದು. ಗುಳಿಯಲ್ಲಿ ತುಂಬಿದ ಸೊನೆ ಬಳಿದೆತ್ತಲು ಒಂದು ಚಪ್ಪಟೆ ಕಬ್ಬಿಣ, ಮರದ ಮೇಲೆ ಗಟ್ಟಿಯಾಗಿ ಕೂತದ್ದನ್ನು ಕೆರೆಯಲು ಮತ್ತೊಂದು. ಇವೇ ಕೌನ್ಸಿಲ್ ಕಾರಖಾನೆಯ ಮೊದಲ ಸರಕು.

ಕಾಡಿನಲ್ಲಿ 10,500 ಗಾಯಗಳಿಗೆ ಒಂದು ಕ್ರಾಪ್ ಎಂದು ಲೆಕ್ಕ. ವಾರದಲ್ಲಿ ಅಷ್ಟನ್ನೂ ಸುತ್ತಿ ಬರಬೇಕಾದರೆ, ಆರು ದಿನಕ್ಕೆ ಹಂಚಿದಾಗ ದಿನಕ್ಕೆ 1,750 ಗಾಯ. ಅಲಗು ಸ್ವಲ್ಪ ಮೊಂಡಾದರೆ, ಗುಂಡು ಸ್ವಲ್ಪ ಹಗುರಾದರೆ, ಹಿಡಿ ಎರಡು ಅಂಗುಲ ಗಿಡ್ಡವಾದರೆ ಆ ನಷ್ಟವನ್ನು ದಿನಕ್ಕೆ 1,750 ಸಲ ಎಣಿಸಬೇಕು. ಒಬ್ಬ ಸಣ್ಣ ಕಾರಖಾನೆಯವನು ದೊಡ್ಡ ಕಂಪೆನಿಗಳ ಎದುರು ನಿಲ್ಲಲು ಇದೇ ಆಧಾರ. ದೂರದ ದೊಡ್ಡ ಕಾರಖಾನೆಗೆ ಹ್ಯಾಕ್ ಎಂಬುದು ನೂರರಲ್ಲಿ ಒಂದು ಸರಕು, ಇವನಿಗೆ ಅದೇ ಜೀವ.

ಆದರೆ ಆ ವ್ಯಾಪಾರ ಒಂದೇ ಕಡೆ ನಿಲ್ಲುವಂಥದಲ್ಲ. ಬುಡದಲ್ಲಿ ಗುಳಿ ಕಡಿದ ಮರ ಕೆಲವೇ ವರ್ಷಗಳಲ್ಲಿ ಗಾಳಿಗೆ ಬೀಳುತ್ತದೆ, ಅಥವಾ ಸೊನೆ ಅಂಟಿದ ಗಾಯಕ್ಕೆ ಬೆಂಕಿ ಹಿಡಿಯುತ್ತದೆ. ಕಾಡು ತೀರಿದಲ್ಲಿಂದ ಧಣಿಗಳು ಮುಂದೆ ಹೋದರು. ನಾರ್ತ್ ಕರೋಲಿನಾದಿಂದ ಸೌತ್ ಕರೋಲಿನಾ, ಅಲ್ಲಿಂದ ಜಾರ್ಜಿಯಾ, ಅಲ್ಲಿಂದ ಫ್ಲೋರಿಡಾ. ಉದ್ದ ಎಲೆಯ ಪೈನ್ ಕಾಡು ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆ ಹಬ್ಬಿತ್ತಂತೆ, 20ನೆಯ ಶತಮಾನದ ಕೊನೆಗೆ ಅದರಲ್ಲಿ ನೂರಕ್ಕೆ ಐದು ಪಾಲೂ ಉಳಿದಿರಲಿಲ್ಲ. ಕೌನ್ಸಿಲ್ ತನ್ನ ಕಾರಖಾನೆ ತೆರೆಯುವಾಗಲೇ ಉದ್ಯಮವು ಆತನ ರಾಜ್ಯ ಬಿಟ್ಟು ಹೊರಟಿತ್ತು. ಗಿರಾಕಿ ದೂರ ದೂರ ಹೋಗುತ್ತಿದ್ದ ಹೊತ್ತಿನಲ್ಲಿ ಅಂಗಡಿ ಇಟ್ಟವನು ಅವನು.

ನಡುವೆ 1901ರ ಸುಮಾರಿಗೆ ಚಾರ್ಲ್ಸ್ ಹರ್ಟಿ ಎಂಬ ರಸಾಯನ ಶಾಸ್ತ್ರಜ್ಞರು ಜಾರ್ಜಿಯಾದಲ್ಲಿ ಒಂದು ಪ್ರಯೋಗ ಮಾಡಿದರು. ಮರದ ಬುಡ ಕಡಿಯುವ ಬದಲು ತಗಡಿನ ದೋಣಿ ಸಿಕ್ಕಿಸಿ ಮಣ್ಣಿನ ಕುಡಿಕೆ ತೂಗಿಬಿಟ್ಟರೆ ಸೊನೆ ಅದರಲ್ಲೇ ಬೀಳುತ್ತದೆ, ಮರವೂ ಬಾಳುತ್ತದೆ ಎಂದು ತೋರಿಸಿಕೊಟ್ಟರು. ನಮ್ಮ ಮೂರ್ತೆಯವರು ಮಡಕೆ ಕಟ್ಟುವುದನ್ನು ಯಾರಾದರೂ ಅವರಿಗೆ ಮೊದಲೇ ಹೇಳಿದ್ದರೆ ಎಷ್ಟು ಕಾಡು ಉಳಿಯುತ್ತಿತ್ತೋ! ಅದಿರಲಿ. ಕುಡಿಕೆ ಬಂತು ಎಂದರೆ ಗುಳಿ ಕಡಿಯುವ ಕೊಡಲಿಗೆ ಕೆಲಸ ತಪ್ಪಿತು ಎಂದರ್ಥ. ಹತ್ಯಾರು ಮಾಡುವವನು ಇದನ್ನು ನೋಡುತ್ತಾ ಕೂರುವಂತಿಲ್ಲ.

ಕೌನ್ಸಿಲ್ ಮನೆತನದವರು ಕೂರಲಿಲ್ಲ. ಕಬ್ಬಿಣ ಕಾಯಿಸಿ ಬಡಿಯುವ ಕೈ ಒಂದೇ, ಅದರಿಂದ ಹ್ಯಾಕ್ ಆದರೂ ಮಾಡಬಹುದು, ಪೊದೆ ಕಡಿಯುವ ಕೊಕ್ಕೆಗತ್ತಿಯಾದರೂ ಮಾಡಬಹುದು. ಸಾದಾ ಕೊಡಲಿ ಮಾಡಿದರು, ಸುತ್ತಿಗೆ ಮಾಡಿದರು. ಕಾಡಿನ ಬೆಂಕಿ ತಡೆಯುವವರಿಗಾಗಿ, ಹುಲ್ಲು ಕತ್ತರಿಸುವ ಯಂತ್ರದ ತ್ರಿಕೋನ ಹಲ್ಲುಗಳನ್ನು ಜೋಡಿಸಿದಂಥ ಒಂದು ಕುಂಟೆ ಮಾಡಿದರು. ಒಣ ಎಲೆ ಗುಡಿಸಿ ಬೆಂಕಿಗೆ ದಾರಿ ಕಡಿದು ಹಾಕುವ ಆ ಕುಂಟೆಗೆ ಅಲ್ಲಿಯ ಅರಣ್ಯ ಇಲಾಖೆಯವರು ಇಂದಿಗೂ ಕೌನ್ಸಿಲ್ ಕುಂಟೆ ಎಂದೇ ಹೇಳುವುದು. ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿಯಾಗಿರುವ ಪುಲಾಸ್ಕಿ ಎಂಬ ಹತ್ಯಾರನ್ನೂ ಮಾಡುತ್ತಾರೆ. ಯಾವ ಉದ್ಯಮಕ್ಕೆಂದು ಕಾರಖಾನೆ ಹುಟ್ಟಿತೋ ಆ ಉದ್ಯಮ ಸತ್ತಿತು. ಕಾಗದದ ಕಾರಖಾನೆಗಳಲ್ಲಿ ಮರ ಬೇಯಿಸುವಾಗಲೇ ಟರ್ಪೆಂಟೈನ್ ಅಗ್ಗಕ್ಕೆ ಸಿಗತೊಡಗಿತು, ಬಣ್ಣದವರು ಪೆಟ್ರೋಲಿಯಂ ಎಣ್ಣೆಗೆ ತಿರುಗಿದರು, ಕಾಡಿನ ಆಳುಗಳು ಪೇಟೆಗೆ ಹೋದರು. 2001ರ ಹೊತ್ತಿಗೆ ಜಾರ್ಜಿಯಾದಲ್ಲಿ ವ್ಯಾಪಾರಕ್ಕಾಗಿ ಸೊನೆ ಇಳಿಸುವುದು ಮುಗಿದೇಹೋಯಿತು. ಹತ್ಯಾರು ಕಾರಖಾನೆ ಮಾತ್ರ ಅದೇ ಊರಿನಲ್ಲಿ, ಅದೇ ಮನೆತನದಲ್ಲಿ ಉಳಿದು ಬಂತು.

ಇಲ್ಲಿಗೆ ನಿಲ್ಲಿಸಿದರೆ ಇದು ಉದ್ಯಮಶೀಲರ ಸ್ತುತಿಯಾದೀತು. ಅಂಥ ಲೇಖನ ಬರೆಯಲು ಬೇರೆ ಪತ್ರಿಕೆಗಳಿವೆ. ನಾನು ಕೇಳುವುದು, ಆ ಹ್ಯಾಕನ್ನು ದಿನಕ್ಕೆ 1,750 ಸಲ ಬೀಸಿದ ಕೈಯ ಕಥೆ ಏನಾಯಿತು ಎಂದು.

ಆ ಕೈ ಹೆಚ್ಚಾಗಿ ಕಪ್ಪು ಜನರದು. 1865ಕ್ಕೆ ಮೊದಲು ಅವರು ಗುಲಾಮರು. ಗುಲಾಮಗಿರಿ ಹೋದ ಮೇಲೆ ಸಾಲ ಬಂತು. ಕಾಡಿನ ನಡುವೆ ಧಣಿಯ ಬಿಡಾರ, ಬಿಡಾರದಲ್ಲಿ ಧಣಿಯದೇ ಅಂಗಡಿ. ಹಿಟ್ಟು, ಹಂದಿ ಮಾಂಸ, ಹೊಗೆಸೊಪ್ಪು, ಬಟ್ಟೆ ಎಲ್ಲವೂ ಅಲ್ಲೇ ಕಡಕ್ಕೆ ತರಬೇಕು. ಅದನ್ನು ಬರೆದಿಡುವವನು ಧಣಿಯ ಗುಮಾಸ್ತ. ಲೆಕ್ಕ ಮುಗಿಸುವ ದಿನ ಆಳು ಮತ್ತೆ ಬಾಕಿಯಲ್ಲಿ. ಬಾಕಿ ಇಟ್ಟು ಹೊರಟರೆ ಕಳ್ಳನೆಂದು ಹಿಡಿಸುವುದು.

ಇದನ್ನು ನಾನು ಹೆಚ್ಚಿಸಿ ಹೇಳುತ್ತಿಲ್ಲ, ಅಲ್ಲಿಯ ಸುಪ್ರೀಂ ಕೋರ್ಟಿನ ಕಡತದಲ್ಲಿಯೇ ಇದೆ. 1901ರಲ್ಲಿ ಸ್ಯಾಮ್ಯುಯೆಲ್ ಕ್ಲೈಯಟ್ ಎಂಬ ಜಾರ್ಜಿಯಾದ ಟರ್ಪೆಂಟೈನ್ ಧಣಿಯು ಫ್ಲೋರಿಡಾಕ್ಕೆ ಹೋಗಿ, ವಿಲ್ ಗಾರ್ಡನ್ ಮತ್ತು ಮೋಸ್ ರಿಡ್ಲಿ ಎಂಬ ಇಬ್ಬರು ಕಪ್ಪು ಕಾರ್ಮಿಕರನ್ನು ಸಾಲದ ನೆಪದಲ್ಲಿ ಹಿಡಿದುಕೊಂಡು ಬಂದನು. ಸಾಲಕ್ಕಾಗಿ ದುಡಿಸುವುದನ್ನು ನಿಷೇಧಿಸಿದ 1867ರ ಕಾಯದೆ ಆಗಲೇ ಇತ್ತು. ಕೆಳಗಿನ ಕೋರ್ಟಿನಲ್ಲಿ ಅವನಿಗೆ ಶಿಕ್ಷೆಯಾಯಿತು. 1905ರಲ್ಲಿ ಸುಪ್ರೀಂ ಕೋರ್ಟು ಕಾಯದೆ ಸರಿಯಾದದ್ದೇ ಎಂದು ಎತ್ತಿಹಿಡಿಯಿತು, ಆದರೆ ಆ ಶಿಕ್ಷೆಯನ್ನು ಮಾತ್ರ ರದ್ದು ಮಾಡಿತು. ಇಬ್ಬರನ್ನೂ ಜೀತಕ್ಕೆ 'ಮರಳಿ' ಕೊಂಡೊಯ್ದನು ಎಂಬ ಆರೋಪವಿತ್ತು, ಅವರು ಮೊದಲೇ ಜೀತದಲ್ಲಿದ್ದರು ಎಂಬುದಕ್ಕೆ ಸಾಕ್ಷ್ಯ ಬರಲಿಲ್ಲ ಎಂಬುದು ಕಾರಣ. ಒಂದು ಶಬ್ದಕ್ಕೆ ಧಣಿ ಬದುಕಿಕೊಂಡ! ಅವರಿಬ್ಬರ ಲೆಕ್ಕ ಧಣಿಯ ಪುಸ್ತಕದಲ್ಲಿತ್ತು, ಅವರ ಕೈಯಲ್ಲಿ ಚೀಟಿಯೂ ಇದ್ದಿರಲಾರದು.

ಇದು ಬಹಳ ಹಿಂದಿನ ಮಾತು ಎನ್ನುವಿರಾ? ಅದೇ ಫ್ಲೋರಿಡಾದಲ್ಲಿ 1942ರಲ್ಲಿ ಇಮ್ಯಾನುಯೆಲ್ ಪೊಲಾಕ್ ಎಂಬ ಕೂಲಿಗಾರನು 5 ಡಾಲರು ಮುಂಗಡ ಪಡೆದು ಕೆಲಸಕ್ಕೆ ಹೋಗಲಿಲ್ಲವೆಂದು, 100 ಡಾಲರು ದಂಡ, ತಪ್ಪಿದರೆ 60 ದಿನ ಸೆರೆ ಎಂಬ ಶಿಕ್ಷೆಯಾಯಿತು. ಮುಂಗಡ ಪಡೆದವನು ಕೆಲಸ ಬಿಟ್ಟರೆ ಅದೇ ಮೋಸದ ಸಾಕ್ಷ್ಯ ಎನ್ನುವ ಆ ರಾಜ್ಯದ ಕಾನೂನನ್ನು ಸುಪ್ರೀಂ ಕೋರ್ಟು 1944ರಲ್ಲಿ ಕಿತ್ತುಹಾಕಿತು. ಹರ್ಟಿಯವರ ಕುಡಿಕೆ ಬಂದು ಆಗ 40 ವರ್ಷ ದಾಟಿತ್ತು. ಹತ್ಯಾರು ಎಷ್ಟೋ ಸಲ ಬದಲಾಗಿತ್ತು. ಪುಸ್ತಕ ಬದಲಾಗಿರಲಿಲ್ಲ.

ಕಾಡಿನಲ್ಲಿ ಲೆಕ್ಕ ಹಾಕುತ್ತಿದ್ದ ರೀತಿ ಓದಿದಾಗ ನನಗೆ ನಮ್ಮ ಹಳೆಯ ಹೊಟೇಲೇ ಕಣ್ಣ ಮುಂದೆ ಬಂತು. ಪ್ರತಿಯೊಬ್ಬ ಆಳಿಗೂ ಒಂದು ಕೂಗಿನ ಹೆಸರು. ಒಂದು ಮರದ ಕೆಲಸ ಮುಗಿದೊಡನೆ ಆತ ಗಟ್ಟಿಯಾಗಿ ಆ ಹೆಸರು ಕೂಗಬೇಕು, ದೂರದಲ್ಲಿ ಕೂತ ಲೆಕ್ಕದವನು ಅವನ ಹೆಸರಿನ ಮುಂದೆ ಒಂದು ಚುಕ್ಕೆ ಇಡಬೇಕು. ಕುದುರೆಯ ಮೇಲೆ ಮುಕಾದಮ ಸುತ್ತುತ್ತಿರುತ್ತಾನೆ. ಮಾಣಿ "ಎರಡು ಇಡ್ಲಿ, ಒಂದು ವಡೆ" ಎಂದು ಒಳಗೆ ಕೂಗುವುದು, ಗಿರಾಕಿ ಎದ್ದಾಗ ಬಿಲ್ಲಿನ ಮೊತ್ತವನ್ನು ಗಲ್ಲೆಗೆ ಕೂಗುವುದು, ಗಲ್ಲೆಯವರು ಬರೆದುಕೊಳ್ಳುವುದು, ಎಲ್ಲವೂ ಅದರ ಅಣ್ಣತಮ್ಮಂದಿರೇ. ಕೂಗುವವನು ಒಬ್ಬ, ಬರೆಯುವವನು ಇನ್ನೊಬ್ಬ. ಕೂಗಿದ್ದು ಗಾಳಿಯಲ್ಲಿ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಝೋರಾ ನೀಲ್ ಹರ್ಸ್ಟನ್ ಎಂಬ ಕಪ್ಪು ಜನಾಂಗದ ಲೇಖಕಿ 1939ರಲ್ಲಿ ಫ್ಲೋರಿಡಾದ ಕ್ರಾಸ್ ಸಿಟಿಯ ಟರ್ಪೆಂಟೈನ್ ಬಿಡಾರಕ್ಕೆ ಹೋಗಿ ಆಳುಗಳ ಮಾತು ಕೇಳಿ ಬರೆದಿಟ್ಟದ್ದರಿಂದ ಅಷ್ಟಾದರೂ ಉಳಿಯಿತು.

ಈಗ ನನ್ನದೇ ಒಂದು ಕಥೆ. ಏಳನೆಯ ಇಯತ್ತೆ ಮುಗಿಸಿ ನಾನು ಊರಿನಿಂದ ಈ ಪೇಟೆಗೆ ಬಂದಾಗ ನನ್ನ ತಂದೆಯವರಿಗೆ 3,000 ರೂಪಾಯಿ ಮುಂಗಡ ಸಿಕ್ಕಿತ್ತು. ಯಾವ ಹೊಟೇಲು ಎಂಬುದು ಇಲ್ಲಿ ಬೇಡ. 14 ತಿಂಗಳು ಕಪ್ಪುಬಸಿ ತೊಳೆದ ಮೇಲೂ ನನ್ನ ಮೇಲೆ 1,100 ರೂಪಾಯಿ ಬಾಕಿ ಎಂದರು. ಹೇಗೆ ಎಂದು ಕೇಳಿದ್ದಕ್ಕೆ ಪುಸ್ತಕ ತೆರೆದು ತೋರಿಸಿದರು: ಒಡೆದ ಗ್ಲಾಸು ಇಷ್ಟು, ಚಪ್ಪಲಿ ಇಷ್ಟು, ಜ್ವರದ ಮದ್ದು ಇಷ್ಟು, ಊರಿಗೆ ಕಳಿಸಿದ್ದು ಇಷ್ಟು. ಊರಿಗೆ ಕಳಿಸಿದ್ದು ಎಂದು ಬರೆದದ್ದು ಎರಡು ಸಲ, ತಂದೆಗೆ ಮುಟ್ಟಿದ್ದು ಒಂದು ಸಲ. ನಾನು ಏನೂ ಬರೆದಿಟ್ಟಿರಲಿಲ್ಲ. ಬರೆಯಲು ಬಾರದೆ ಅಲ್ಲ, ಬರೆಯಬೇಕು ಎಂದು ಹೊಳೆದಿರಲಿಲ್ಲ. ರಾತ್ರಿ ಶಾಲೆಗೆ ಹೋಗತೊಡಗಿದ್ದು ಆಮೇಲೆ.

ಮುಂದೆ ಕಾವಲಿಯ ಎದುರು ನಿಲ್ಲುವ ಕೆಲಸ ಸಿಕ್ಕಿತು. ಅಲ್ಲಿ ದೋಸೆ ಎಬ್ಬಿಸುವ ಸಟ್ಟುಗದ ಹಿಡಿ ಗಿಡ್ಡ. ದೊಡ್ಡ ಕಾವಲಿಯ ಆಚೆ ಮೂಲೆಯ ದೋಸೆಗೆ ಕೈ ಚಾಚಿದರೆ ಮಣಿಕಟ್ಟು ಸುಡುತ್ತಿತ್ತು. ಮೂರು ತಿಂಗಳು ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಓಣಿಯ ಲೋಹಾರನಿಗೆ ನನ್ನ ಪಗಾರದಿಂದಲೇ ಹಣ ಕೊಟ್ಟು ಐದು ಅಂಗುಲ ಉದ್ದ ಮಾಡಿಸಿಕೊಂಡೆ. ಅಂದಿನಿಂದ ಸುಡಲಿಲ್ಲ, ದೋಸೆಯೂ ಬೇಗ ಎದ್ದಿತು. ವಾರ ಕಳೆದ ಮೇಲೆ ಯಜಮಾನರು ಅದನ್ನು ನೋಡಿ, "ಇದೇ ಅಳತೆಯದು ಇನ್ನೆರಡು ಮಾಡಿಸಿ" ಎಂದರು. ಮಾಡಿಸಿದರು, ಒಳ್ಳೆಯದಾಯಿತು. ಸಟ್ಟುಗದ ವಿಷಯದಲ್ಲಿ ಮಾಣಿಯ ಮಾತು ಧಣಿಗೆ ಒಪ್ಪಿಗೆಯಾಗುತ್ತದೆ, ಏಕೆಂದರೆ ಅದರಲ್ಲಿ ಧಣಿಯ ಲಾಭವುಂಟು. ಪುಸ್ತಕದ ವಿಷಯದಲ್ಲಿ ಅದೇ ಮಾಣಿ ಬಾಯಿ ತೆರೆದರೆ ಅಧಿಕಪ್ರಸಂಗಿ! ಕೌನ್ಸಿಲ್ ಕಾರಖಾನೆಯ ಚರಿತ್ರೆ ಓದುವಾಗ ನನ್ನ ಕಣ್ಣಿಗೆ ಬಿದ್ದದ್ದು ಈ ಭೇದವೇ. ಹ್ಯಾಕ್ ಮಾಡಿದವನನ್ನು ನಾನು ದೂರುವುದಿಲ್ಲ. ಅವನು ಒಳ್ಳೆಯ ಹತ್ಯಾರು ಮಾಡಿದ, ಅದರಿಂದ ಎಷ್ಟೋ ರಟ್ಟೆಗಳ ನೋವು ಕಡಿಮೆಯಾಗಿರಬೇಕು. ಆದರೆ ಗುಂಡಿನ ಭಾರ ಸರಿಮಾಡಿದ ಉದ್ಯಮಕ್ಕೆ ಸಾಲದ ಭಾರ ಇಳಿಸಲು ಮನಸ್ಸಾಗಲಿಲ್ಲ.

ಗಿರಣಿ ಬಾಂಧವರಿಗೆ ಇದರಲ್ಲಿ ಇನ್ನೊಂದು ಮಾತು ಕಂಡೀತು. ಉದ್ಯಮ ಸತ್ತಾಗ ಕಾರಖಾನೆ ಕುಂಟೆ ಮಾಡಿ ಬದುಕಿತು, ಸೊನೆ ಕೆತ್ತುವವನು ಏನು ಮಾಡಬೇಕಿತ್ತು? 1982ರ ಜನವರಿ 18ರಂದು ಮುಂಬಯಿಯಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಹೊರಬಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಧಣಿಗೆ ಜಮೀನು ಉಳಿಯಿತು, ಅಲ್ಲಿ ಗೋಪುರದಂಥ ಕಟ್ಟಡ ಎದ್ದಿತು. ಮಗ್ಗದ ಮೇಲೆ ಕೈ ಪಳಗಿದವನಿಗೆ ಉಳಿದದ್ದು ಆ ಪಳಗಿದ ಕೈ, ಅದಕ್ಕೆ ಗಿರಾಕಿಯಿಲ್ಲ. ಆಗ ಹಕ್ಕಿನ ಹಣ ಕೇಳಲು ಹೋದವರಲ್ಲಿ ಹಾಜರಿ ಚೀಟಿ, ಪಗಾರ ಚೀಟಿ ಜೋಪಾನವಾಗಿ ಇಟ್ಟವನಿಗೂ ಇಡದವನಿಗೂ ಎಷ್ಟು ಅಂತರವಾಯಿತೆಂದು ನಿಮ್ಮ ಮನೆಯ ಹಿರಿಯರು ಹೇಳಿಯಾರು.

ನಮ್ಮಲ್ಲಿ ಕಾನೂನು ಇಲ್ಲದೆ ಇಲ್ಲ. ಒಡೆದ ವಸ್ತುವಿನ ಬೆಲೆ ಪಗಾರದಲ್ಲಿ ಹಿಡಿಯುವ ಮೊದಲು ಕಾರ್ಮಿಕನ ಸಮಜಾಯಿಷಿ ಕೇಳಬೇಕು ಎಂದು 1936ರ ವೇತನ ಪಾವತಿ ಕಾಯದೆಯಲ್ಲಿಯೇ ಬರೆದಿತ್ತು. 1976ರ ಜೀತ ನಿರ್ಮೂಲನ ಕಾಯದೆಯು ಜೀತದ ಸಾಲವನ್ನೆಲ್ಲ ಅಳಿಸಿಹಾಕಿತು. ಆದರೆ ಕಾನೂನು ಕೇಳುವುದು ದಾಖಲೆ. ನಮ್ಮ ಸಂಘಕ್ಕೆ ದೂರು ತರುವ ಹತ್ತು ಜನರಲ್ಲಿ ಒಂಬತ್ತು ಜನ "ಎಷ್ಟು ಮುಂಗಡ ತೆಗೆದುಕೊಂಡದ್ದು?" ಎಂದರೆ "ಅವರ ಪುಸ್ತಕದಲ್ಲುಂಟು" ಎನ್ನುತ್ತಾರೆ. ಅವರ ಪುಸ್ತಕ ಹಿಡಿದು ನಾವು ಅವರ ಮೇಲೆ ವಾದಿಸುವುದು ಹೇಗೆ?

ಯಜಮಾನರುಗಳು ಎಲ್ಲರೂ ಮೋಸಗಾರರೆಂದು ನಾನು ಹೇಳಲಿಲ್ಲ. ಕಷ್ಟಕಾಲಕ್ಕೆ ಮುಂಗಡ ಕೊಟ್ಟು, ಒಂದು ಪೈಸೆ ಹೆಚ್ಚು ಬರೆಯದವರನ್ನೂ ಕಂಡಿದ್ದೇನೆ. ಅಂಥವರಿಗೆ ಆಳಿನ ಕೈಯಲ್ಲಿ ಇನ್ನೊಂದು ಪುಸ್ತಕ ಇದ್ದರೆ ಭಯವೇನು? ಎರಡು ಪುಸ್ತಕ ಸರಿಹೋದರೆ ಅವರ ಹೆಸರಿಗೇ ಮಾನ. ಸರಿಹೋಗದ ಕಡೆ ಮಾತ್ರ ಮಾತು ಬರುವುದು.

ಸಂಘದ ಕಾರ್ಯಕಾರಿ ಸಭೆಯ ಮುಂದೆ ನಾನು ಇಟ್ಟ ಸೂಚನೆ ಸಣ್ಣದು. ಪ್ರತಿಯೊಬ್ಬ ಸದಸ್ಯನಿಗೂ ಅಂಗಿಯ ಕಿಸೆಯಲ್ಲಿ ಹಿಡಿಯುವಂಥ ಒಂದು ಪುಸ್ತಕ. ಒಂದು ಪುಟದಲ್ಲಿ ಹಾಜರಿ ಮತ್ತು ದುಡಿದ ಗಂಟೆ, ಎದುರು ಪುಟದಲ್ಲಿ ಕೈಗೆ ಬಂದ ಹಣ, ಮುಂಗಡ, ಹಿಡಿದದ್ದು, ಯಾಕೆ ಹಿಡಿದದ್ದು. ತಿಂಗಳ ಕೊನೆಗೆ ಸಾಧ್ಯವಾದರೆ ಯಜಮಾನರ ಸಹಿ, ಆಗದಿದ್ದರೆ ಜೊತೆಯವನೊಬ್ಬನ ಸಹಿ. ಬರೆಯಲು ಬಾರದವರಿಗೆ ರಾತ್ರಿ ಶಾಲೆಯ ಹುಡುಗರು ಭಾನುವಾರ ಬರೆದುಕೊಡುತ್ತಾರೆ. "ಮಾಣಿಗಳು ಇದನ್ನೆಲ್ಲ ಬರೆಯುತ್ತಾ ಕೂರುವರೇ?" ಎಂದು ಸಭೆಯಲ್ಲಿ ಒಬ್ಬ ಹಿರಿಯರು ನಕ್ಕರು. ಎಂಟು ಮೇಜಿನ ಬಿಲ್ಲು ಬಾಯಲ್ಲೇ ಕೂಡಿಸುವ ಮಾಣಿಗೆ ತನ್ನ ಒಬ್ಬನ ಲೆಕ್ಕ ಕಷ್ಟವೇ?

ಮೊದಲ ಕಂತಿನ ಇನ್ನೂರು ಪುಸ್ತಕ ಅಚ್ಚಾಗಿ ಬಂದಿವೆ. ಹೊಸ ಬಣ್ಣದ ವಾಸನೆ ಇನ್ನೂ ಹೋಗದ ನಮ್ಮ ಕೋಣೆಯ ಕಿಟಕಿಯ ಬಳಿ ಇಟ್ಟಿದೆ. ಭಾನುವಾರ ಸಾಯಂಕಾಲ ನಾಲ್ಕರಿಂದ ನಾನು ಅಲ್ಲಿರುತ್ತೇನೆ. ಮುಂಗಡ ಪಡೆದು ಬಂದ ಹೊಸ ಹುಡುಗರನ್ನು ಮೊದಲು ಕರೆತನ್ನಿ. ಎಷ್ಟು ಮುಂಗಡ, ಯಾವ ತಾರೀಕು, ಯಾರ ಕೈಗೆ ಎಂಬ ಮೂರು ಸಂಗತಿಯನ್ನು ಊರಿಗೆ ಫೋನು ಮಾಡಿ ಕೇಳಿಕೊಂಡು ಬಂದರೆ ಮೊದಲ ಪುಟ ಅಂದೇ ತುಂಬಬಹುದು.